ತಾತನ ವಾಲ್ವು, ನನ್ನ ಐದು ವ್ಯಾಟು

‘ಏನಮ್ಮಾ, ಪ್ರಾಜೆಕ್ಟಾ?’

ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಯಾವ ಅಂಗಡಿ ಮುಂದೆ ನಿಂತರೂ ಎಂಜಿನಿಯರಿಂಗ್ ಹುಡುಗಿಗೆ ಎದುರಾಗುವ ಮೊದಲ ಪ್ರಶ್ನೆ ಇದು. ಹೌದು ಅಂದರೆ ಸಾಕು, ಅರ್ಡುಯಿನೊ ಬೋರ್ಡ್, ಸೆನ್ಸರ್, ಜಂಪರ್ ವೈರ್ ಎಲ್ಲ ಕೌಂಟರ್ ಮೇಲೆ ಬಂದು ಕೂರುತ್ತವೆ. ನಾನು ಕೇಳಿದ್ದು 450 ವೋಲ್ಟಿನ ಕೆಪಾಸಿಟರ್. ಅಂಗಡಿಯವರು ಕನ್ನಡಕ ಸರಿಮಾಡಿಕೊಂಡು, ‘ಅಷ್ಟು ವೋಲ್ಟೇಜ್ ಯಾವುದಕ್ಕೆ?’ ಎಂದರು. ‘ವಾಲ್ವ್ ಆಂಪ್ಲಿಫೈಯರ್‌ಗೆ’ ಎಂದೆ. ‘ಆ ಕಾಲ ಹೋಯ್ತಲ್ಲಮ್ಮ’ ಎಂದು ನಕ್ಕರು. ನಗುತ್ತಲೇ ಒಳಗಿನಿಂದ ಒಂದು ದೂಳು ಹಿಡಿದ ಡಬ್ಬಿ ತಂದು ಮುಂದೆ ಸುರಿದರು.

ಇದೆಲ್ಲ ಶುರುವಾಗಿದ್ದು ತಿಪಟೂರಿನಲ್ಲಿ. ಅಮ್ಮನ ಅಪ್ಪ, ಅಂದರೆ ನಮ್ಮ ತಾತ, ಅಲ್ಲಿ 38 ವರ್ಷ ಮೈಕ್‌ಸೆಟ್ ಅಂಗಡಿ ನಡೆಸಿದವರು. ಮದುವೆ, ಜಾತ್ರೆ, ಪೌರಾಣಿಕ ನಾಟಕ, ಚುನಾವಣೆ ಪ್ರಚಾರ ಯಾವುದೇ ಇರಲಿ, ತೆಂಗಿನ ಮರಕ್ಕೆ ಹಾರ್ನ್ ಕಟ್ಟಿ, ರೆಕಾರ್ಡ್ ಹಾಕಿ ಕೂರುವುದು ಅವರ ಕೆಲಸ. ಬಿಡುವಿದ್ದಾಗ ರೇಡಿಯೊ ರಿಪೇರಿ. ಕಳೆದ ವರ್ಷ ಮಳಿಗೆ ಖಾಲಿ ಮಾಡಬೇಕಾಗಿ ಬಂತು. ಸೆಮಿಸ್ಟರ್ ರಜೆ ಇತ್ತಲ್ಲ, ಸಾಮಾನು ಸಾಗಿಸಲು ನನ್ನನ್ನೂ ಕರೆದರು.

ಗುಜರಿಯವರು ಎಲ್ಲವನ್ನೂ ಕೆ.ಜಿ. ಲೆಕ್ಕದಲ್ಲಿ ತೂಗುತ್ತಿದ್ದರು. ಹಾರ್ನ್ ಹೋಯಿತು, ಸ್ಟ್ಯಾಂಡ್ ಹೋಯಿತು, ಆಂಪ್ಲಿಫೈಯರ್‌ಗಳೂ ಹೋದವು. ಕೊನೆಗೆ ಉಳಿದದ್ದು ಎರಡು ರಟ್ಟಿನ ಪೆಟ್ಟಿಗೆ ತುಂಬ ರೆಕಾರ್ಡು, ಎಂಟು ಇಂಚಿನ ಎರಡು ಹಳೇ ಕಾಗದದ ಕೋನ್ ಸ್ಪೀಕರ್, ಮತ್ತು ಹಳೇ ಪೇಪರ್‌ನಲ್ಲಿ ಸುತ್ತಿಟ್ಟ ವಾಲ್ವ್‌ಗಳ ಒಂದು ಬಿಸ್ಕತ್ತು ಡಬ್ಬಿ. ‘ಅದೂ ಹೋಗ್ಲಿ ಬಿಡು ಮಗಾ. ಇನ್ನು ಯಾರು ಕೇಳ್ತಾರೆ, ನಂಗಂತೂ ಕೇಳ್ಸಲ್ಲ’ ಎಂದರು ತಾತ. ಸುಮ್ಮನೆ ಅಂದ ಮಾತಲ್ಲ. ಹಾರ್ನ್ ಕೆಳಗೆ ಅಷ್ಟು ವರ್ಷ ನಿಂತ ಕಿವಿ. ತೆಳ್ಳಗಿನ ಧ್ವನಿಗಳು ಪೂರ್ತಿ ಹೋಗಿವೆ. ಕಿವಿಯ ಮಿಷನ್ನನ್ನು ಮದುವೆ ಮುಂಜಿಗೆ ಒಡವೆ ಹಾಕಿಕೊಂಡಂತೆ ಅಪರೂಪಕ್ಕೆ ಹಾಕುತ್ತಾರೆ.

‘ನಾನು ಇದನ್ನ ಹಾಡಿಸ್ತೀನಿ ತಾತ’ ಎಂದುಬಿಟ್ಟೆ. ಅವರು ನನ್ನ ಕೈ ನೋಡಿದರು. ‘ಸಾಲ್ಡರಿಂಗ್ ಐರನ್ ಹಿಡ್ದಿದೀಯಾ?’

ನಿಜ ಹೇಳಬೇಕೆಂದರೆ ಸರಿಯಾಗಿ ಹಿಡಿದಿರಲಿಲ್ಲ. ಎಲೆಕ್ಟ್ರಾನಿಕ್ಸ್‌ನಲ್ಲಿ ಐದು ಸೆಮಿಸ್ಟರ್ ಮುಗಿಸಿದ್ದೆ. ಆಂಪ್ಲಿಫೈಯರ್ ಲೆಕ್ಕ ಕೊಟ್ಟರೆ ಹತ್ತಕ್ಕೆ ಹತ್ತು. ಆದರೆ ಮಾಡಿದ್ದೆಲ್ಲ ಬ್ರೆಡ್‌ಬೋರ್ಡ್ ಮೇಲೆ, ಇಲ್ಲವೇ ಸಿಮ್ಯುಲೇಷನ್‌ನಲ್ಲಿ. ಐದು ವೋಲ್ಟಿಗಿಂತ ಹೆಚ್ಚಿನದನ್ನು ಮುಟ್ಟಿದ ನೆನಪಿಲ್ಲ.

ಅಂಗಡಿ ಮುಚ್ಚಿದ ಮೇಲೆ ತಾತ ತುಮಕೂರಿಗೆ, ನಮ್ಮ ಮನೆಗೇ ಬಂದರು. ದಿನವಿಡೀ ಟೀವಿ ಮುಂದೆ ಕೂತಿರುತ್ತಿದ್ದರು. ಧ್ವನಿ ಆಫ್ ಆಗಿದ್ದರೂ ಅವರಿಗೆ ಗೊತ್ತಾಗುತ್ತಿರಲಿಲ್ಲ.

* * *

ಬಿಸ್ಕತ್ತು ಡಬ್ಬಿ ಬಿಚ್ಚಿದಾಗ ಸಿಕ್ಕಿದ್ದು ಬೆಂಗಳೂರಿನದೇ ಸರಕು. ಗಾಜಿನ ಮೇಲೆ ಮಾಸಿದ ಅಕ್ಷರಗಳಲ್ಲಿ ‘ಬಿಇಎಲ್’ ಎಂದಿತ್ತು. ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ ಅಂದರೆ ನಮಗೆಲ್ಲ ಗೊತ್ತಿರುವುದು ರೇಡಾರ್ ಮತ್ತು ವೋಟಿಂಗ್ ಯಂತ್ರ. ಪ್ಲೇಸ್‌ಮೆಂಟ್ ಪಟ್ಟಿಯಲ್ಲಿ ಅದರ ಹೆಸರು ಕಂಡರೆ ಕಣ್ಣರಳುತ್ತದೆ. ಅದೇ ಕಂಪನಿ 1961ರಲ್ಲಿ ರೇಡಿಯೊ ವಾಲ್ವ್‌ಗಳ ತಯಾರಿಕೆ ಶುರುಮಾಡಿತ್ತು ಎಂಬುದು ನನಗೆ ಆ ಡಬ್ಬಿಯಿಂದಲೇ ತಿಳಿದದ್ದು. ವಾಲ್ವ್ ರೇಡಿಯೊಗಳ ಕಾಲದಲ್ಲಿ ತಾತನಂಥವರ ಡ್ರಾಯರ್‌ಗಳಲ್ಲಿ ಇದ್ದದ್ದು ಇವೇ.

ವಾಲ್ವ್ ಕೆಲಸ ಮಾಡುವ ಬಗೆ ಕೆರೆಯ ತೂಬಿನ ಹಾಗೆ. ಗಾಜಿನೊಳಗೆ ಗಾಳಿ ಇಲ್ಲ. ನಡುವಿನ ಕ್ಯಾಥೋಡ್ ಎಂಬ ಕೊಳವೆಯನ್ನು ಹೀಟರ್ ಕಾಯಿಸುತ್ತದೆ. ಕಾದಾಗ ಅದರಿಂದ ಎಲೆಕ್ಟ್ರಾನ್‌ಗಳು ಚಿಮ್ಮುತ್ತವೆ. ಸುತ್ತಲಿನ ಪ್ಲೇಟಿಗೆ 250 ವೋಲ್ಟ್ ಕೊಟ್ಟರೆ ಅದು ಅವನ್ನು ಎಳೆದುಕೊಳ್ಳುತ್ತದೆ. ಇವೆರಡರ ನಡುವೆ ಇರುವ ತೆಳುತಂತಿಯ ಜಾಲರಿಯೇ ತೂಬು. ಅದರ ಮೇಲಿನ ಸಣ್ಣ ವೋಲ್ಟೇಜನ್ನು ಅಲುಗಾಡಿಸಿದರೆ ದೊಡ್ಡ ಹರಿವೇ ಹೆಚ್ಚು ಕಡಿಮೆ ಆಗುತ್ತದೆ. ಟ್ರಾನ್ಸಿಸ್ಟರ್‌ನಲ್ಲಿ ಇದು ಕಣ್ಣಿಗೆ ಕಾಣುವುದಿಲ್ಲ. ಇಲ್ಲಿ ಕಿತ್ತಳೆ ಬಣ್ಣದಲ್ಲಿ ಹೊಳೆಯುತ್ತದೆ, ಮುಟ್ಟಿದರೆ ಸುಡುತ್ತದೆ.

ಡಬ್ಬಿಯಲ್ಲಿದ್ದ 19 ವಾಲ್ವ್‌ಗಳಲ್ಲಿ ಯಾವುದು ಸತ್ತಿದೆ, ಯಾವುದು ಬದುಕಿದೆ ಎಂದು ನಾನು ಮೀಟರ್ ಹುಡುಕುತ್ತಿದ್ದಾಗ ತಾತ ಒಂದೊಂದನ್ನೇ ಬೆಳಕಿಗೆ ಹಿಡಿದು ಬೇರೆ ಮಾಡಿದರು. ಗಾಜಿನ ತಲೆಯೊಳಗೆ ಕನ್ನಡಿಯಂಥ ಬೆಳ್ಳಿ ಲೇಪ ಇರುತ್ತದೆ. ಒಳಗೆ ಉಳಿದ ಗಾಳಿಯನ್ನು ಹೀರಿಕೊಳ್ಳಲೆಂದೇ ಇರುವುದು ಅದು. ಬಿರುಕು ಬಿಟ್ಟು ಗಾಳಿ ನುಗ್ಗಿದರೆ ಆ ಬೆಳ್ಳಿ ಹಾಲಿನಂತೆ ಬೆಳ್ಳಗಾಗುತ್ತದೆ. ‘ಇದು ಸುಣ್ಣ ಆಗಿದೆ, ಎಸಿ’ ಎಂದು ನಾಲ್ಕನ್ನು ಪಕ್ಕಕ್ಕಿಟ್ಟರು. ಉಳಿದವುಗಳಲ್ಲಿ ನನಗೆ ಬೇಕಾದ ಎರಡು ಇಎಲ್84, ಒಂದು ಇಸಿಸಿ83 ಇದ್ದವು. ಡಬ್ಬಿ ಸಿಗದವರು ಹೆದರಬೇಕಿಲ್ಲ. ಗಿಟಾರ್ ಆಂಪ್ಲಿಫೈಯರ್‌ಗಳಿಗೆ ಇವತ್ತಿಗೂ ಇವೇ ವಾಲ್ವ್ ಬೇಕು, ಹಾಗಾಗಿ ರಷ್ಯಾ, ಸ್ಲೊವಾಕಿಯಾ, ಚೀನಾಗಳಲ್ಲಿ ಈಗಲೂ ತಯಾರಾಗುತ್ತವೆ. ಬೆಲೆ ಮಾತ್ರ ವಿದ್ಯಾರ್ಥಿಯ ಜೇಬಿಗೆ ಚುರುಕು ಮುಟ್ಟಿಸುತ್ತದೆ.

ಇನ್ನು ರೆಕಾರ್ಡ್ ಪ್ಲೇಯರ್. ಭಾನುವಾರ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಸಂತೆಯಲ್ಲಿ ಹುಡುಕಿದೆ. ಕೈ ಮುರಿದ ಚೇಂಜರ್‌ಗಳು, ಮೋಟಾರ್ ಇಲ್ಲದ ಪೆಟ್ಟಿಗೆಗಳು, ಷೋಕೇಸಿಗಾಗಿ ಮಾಡಿದ ಹಿತ್ತಾಳೆ ಹಾರ್ನಿನ ನಕಲಿ ಗ್ರಾಮಫೋನ್‌ಗಳು. ಸೂಟ್‌ಕೇಸ್‌ನಂಥ ಹೊಸ ಅಗ್ಗದ ಪ್ಲೇಯರ್‌ಗಳೂ ಬರುತ್ತವೆ, ನೋಡಲು ಮುದ್ದಾಗಿವೆ. ಅವುಗಳಲ್ಲಿ ಹಲವು ರೆಕಾರ್ಡಿನ ಮೇಲೆ ಬೇಕಾದ್ದಕ್ಕಿಂತ ಹೆಚ್ಚು ಭಾರ ಹೇರುತ್ತವೆ, ಗೀರು ಸವೆಯುತ್ತದೆ. ಕೊನೆಗೆ ಸೀನಿಯರ್ ಒಬ್ಬರು ಮಾರುತ್ತಿದ್ದ ಬೆಲ್ಟ್ ಡ್ರೈವ್ ಪ್ಲೇಯರನ್ನು 5,500 ರೂಪಾಯಿಗೆ ಕೊಂಡು, 900 ಕೊಟ್ಟು ಹೊಸ ಸೂಜಿ ಹಾಕಿಸಿದೆ. ಹಳೇ ಸೂಜಿಯಲ್ಲಿ ಒಂದು ಹಾಡೂ ಹಾಕಬೇಡಿ. ಈ ಲೇಖನದಿಂದ ಒಂದು ಮಾತು ನೆನಪಿಡುವುದಾದರೆ ಇದನ್ನೇ ಇಡಿ. ಸೂಜಿಯ ಭಾರ 3.5 ಗ್ರಾಂ ಇರಬೇಕಿತ್ತು. ಪಕ್ಕದ ಮನೆಯಲ್ಲಿ ಚಿನ್ನದ ಕೆಲಸ ಮಾಡುವ ಆಚಾರ್ರ ಪುಟ್ಟ ಡಿಜಿಟಲ್ ತಕ್ಕಡಿ ತಂದು ತೂಗಿ ಸರಿಮಾಡಿದೆ.

ಆ ಸೂಜಿಯಿಂದ ಬರುವುದು ಕೆಲವೇ ಮಿಲಿವೋಲ್ಟ್. ಅದನ್ನು ನೇರ ಹಿಗ್ಗಿಸಿದರೆ ಹಾಡು ತಗಡು ಬಡಿದಂತೆ ಕೇಳುತ್ತದೆ. ಯಾಕೆಂದರೆ ರೆಕಾರ್ಡ್ ಮಾಡುವಾಗಲೇ ಒಂದು ಉಪಾಯ ಮಾಡಿರುತ್ತಾರೆ. ತಬಲಾ, ಬೇಸ್ ಗಿಟಾರಿನ ಗಡಸು ಧ್ವನಿಯನ್ನು ಇದ್ದಂತೆಯೇ ಕೆತ್ತಿದರೆ ಗೀರು ಅಗಲಕ್ಕೆ ತೂರಾಡಿ ಪಕ್ಕದ ಗೀರಿಗೆ ಬಡಿಯುತ್ತದೆ. ಹಾಗಾಗಿ ಅದನ್ನು ತಗ್ಗಿಸಿ ಕೆತ್ತುತ್ತಾರೆ. ತಾರಕದ ಧ್ವನಿಯನ್ನು ಹೆಚ್ಚಿಸಿ ಕೆತ್ತುತ್ತಾರೆ, ಸೂಜಿಯ ‘ಸುರ್’ ಸದ್ದು ಅದರಡಿ ಮುಚ್ಚಿಹೋಗಲಿ ಎಂದು. 1 ಕಿಲೋಹರ್ಟ್ಸ್‌ಗೆ ಹೋಲಿಸಿದರೆ ಎರಡೂ ತುದಿಯಲ್ಲಿ ವ್ಯತ್ಯಾಸ ಹತ್ತಿರ ಹತ್ತಿರ ಹತ್ತುಪಟ್ಟು. ಕೇಳುವಾಗ ಇದನ್ನು ಅಷ್ಟೇ ಲೆಕ್ಕದಲ್ಲಿ ತಿರುಗುಮುರುಗು ಮಾಡಬೇಕು. ಮೊದಲು ಒಂದೊಂದು ಕಂಪನಿಗೆ ಒಂದೊಂದು ಲೆಕ್ಕವಿತ್ತಂತೆ, 1954ರಲ್ಲಿ ಅಮೆರಿಕದ ರೆಕಾರ್ಡಿಂಗ್ ಸಂಘ ಒಂದೇ ಅಳತೆ ಗೊತ್ತುಮಾಡಿತು. ಅದೇ ಆರ್‌ಐಎಎ. ನಾಲ್ಕನೇ ಸೆಮಿಸ್ಟರ್‌ನಲ್ಲಿ ನಾವು ‘ಪೋಲ್, ಜೀರೊ’ ಎಂದು ಬಾಯಿಪಾಠ ಮಾಡಿದ್ದೆವಲ್ಲ, ಅವು ಹಾಡಿನ ಒಳಗೆ ಕೂತಿರುವುದನ್ನು ನಾನು ಕಂಡದ್ದು ಇಲ್ಲಿ.

ಈ ಹಂತಕ್ಕೆ ವಾಲ್ವ್ ಹಾಕದೆ ಎನ್‌ಇ5532 ಎಂಬ ಅಗ್ಗದ ಚಿಪ್ ಹಾಕಿದೆ. ಕಟ್ಟಾ ವಾಲ್ವ್ ಪ್ರಿಯರು ಮೂಗು ಮುರಿಯಬಹುದು, ಮುರಿಯಲಿ. ಇಷ್ಟು ಸಣ್ಣ ಸಿಗ್ನಲ್‌ಗೆ ಚಿಪ್ಪೇ ನಿಶ್ಶಬ್ದ, ಚಿಪ್ಪೇ ಅಗ್ಗ.

* * *

ಪವರ್ ಆಂಪ್ಲಿಫೈಯರ್ ಮಾತ್ರ ಪೂರ್ತಿ ವಾಲ್ವ್. ಒಂದೊಂದು ಕಡೆಗೆ ಒಂದು ಇಎಲ್84. ಇಬ್ಬರಿಗೂ ಹಂಚಿಕೊಂಡು ಒಂದು ಇಸಿಸಿ83. ಹೀಟರ್‌ಗಳಿಗೆ 6.3 ವೋಲ್ಟಿನಲ್ಲಿ ಸುಮಾರು 1.8 ಆಂಪಿಯರ್, ಪ್ಲೇಟಿನ ಕಡೆಗೆ ಸುಮಾರು 100 ಮಿಲಿಆಂಪಿಯರ್. ಒಟ್ಟು ಸುಮಾರು 40 ವ್ಯಾಟ್ ತಿಂದು, ಕಡೆಗೆ ಕೊಡುವುದು ಒಂದು ಸ್ಪೀಕರಿಗೆ ಐದೇ ವ್ಯಾಟ್! ಉಳಿದದ್ದೆಲ್ಲ ಬಿಸಿ. ಆದರೆ ತಾತನ ಕಾಗದದ ಸ್ಪೀಕರ್‌ಗಳು ಕಡಿಮೆ ಪವರಿನಲ್ಲಿ ಜೋರಾಗಿ ಹಾಡುವ ಜಾತಿಯವು. ನಮ್ಮ ಹಾಲ್‌ಗೆ ಐದು ವ್ಯಾಟೇ ಜಾಸ್ತಿ. ಈಗಿನ ಪುಟ್ಟ ಬುಕ್‌ಷೆಲ್ಫ್ ಸ್ಪೀಕರ್ ಹಾಕಿದ್ದರೆ ಇದು ಸಾಲುತ್ತಿರಲಿಲ್ಲ. ಸ್ಪೀಕರ್ ಯಾವುದೆಂದು ಮೊದಲು ಗೊತ್ತುಮಾಡಿಕೊಂಡು ಆಮೇಲೆ ಆಂಪ್ಲಿಫೈಯರ್ ಯೋಚಿಸುವುದು ಸರಿಯಾದ ಕ್ರಮ.

ಬಾಕಿ ಉಳಿದದ್ದು ದುಡ್ಡು ಮತ್ತು ಟ್ರಾನ್ಸ್‌ಫಾರ್ಮರ್. ದುಡ್ಡಿನ ವಿಷಯದಲ್ಲಿ ನಾನು ಮಾಡಿದ್ದು ಸರಿಯಲ್ಲ. ಸ್ಕಾಲರ್‌ಷಿಪ್ಪಿನ 12,000 ರೂಪಾಯಿಯನ್ನು ಪ್ಲೇಸ್‌ಮೆಂಟ್ ಕೋಚಿಂಗ್‌ಗೆ ಎಂದು ಅಮ್ಮ ಎತ್ತಿಡಿಸಿದ್ದರು. ಅವರಿಗೆ ಹೇಳದೆ ಅದನ್ನು ಮುರಿದೆ. ಒಂದು ತಿಂಗಳ ನಂತರ ಗೊತ್ತಾಯಿತು. ಅಮ್ಮ ಬೈಯಲಿಲ್ಲ. ಎರಡು ದಿನ ಮಾತಾಡಲಿಲ್ಲ, ಅದು ಇನ್ನೂ ಕಷ್ಟ. ಒಟ್ಟು ಖರ್ಚು 14,500 ಆಯಿತು. ಕೊರೆ ಬಿದ್ದ 2,500ನ್ನು ತಾತ ಗುಜರಿಯವರು ಕೊಟ್ಟ ನೋಟುಗಳಿಂದ ಎಣಿಸಿ ಕೊಟ್ಟರು. ಅವರ ಹಾರ್ನ್‌ಗಳು ನನ್ನ ಕೆಪಾಸಿಟರ್‌ಗಳಾದವು.

ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಅಂದರೆ ವಾಲ್ವ್ ಮತ್ತು ಸ್ಪೀಕರ್ ನಡುವಿನ ದಲ್ಲಾಳಿ. ವಾಲ್ವ್‌ಗೆ ಬೇಕಾದದ್ದು ಸುಮಾರು 5,200 ಓಮ್ ಲೋಡ್, ಸ್ಪೀಕರ್ ಇರುವುದು 8 ಓಮ್. ಸುಮಾರು 25ಕ್ಕೆ 1ರಂತೆ ಸುತ್ತಿದರೆ ಹೊಂದುತ್ತದೆ. ಸ್ಟೆಬಿಲೈಸರ್, ಇನ್ವರ್ಟರ್‌ಗೆ ವೈಂಡಿಂಗ್ ಮಾಡುವ ಒಂದು ಅಂಗಡಿಗೆ ಚೀಟಿ ಬರೆದುಕೊಟ್ಟೆ. ಎಷ್ಟು ಸುತ್ತು, ಯಾವ ಗೇಜ್ ತಂತಿ, ಯಾವ ಅಳತೆಯ ಕೋರ್, ಎಲ್ಲ. ವಾರ ಬಿಟ್ಟು ಮೂರು ಟ್ರಾನ್ಸ್‌ಫಾರ್ಮರ್‌ಗಳನ್ನು ಚೀಲದಲ್ಲಿ ಹೊತ್ತು ರೈಲಿನಲ್ಲಿ ತುಮಕೂರಿಗೆ ತಂದೆ. ಹೆಗಲು ಎರಡು ದಿನ ನೋಯುತ್ತಿತ್ತು.

ಜೋಡಿಸುವ ಮೊದಲ ದಿನ ತಾತ ಟೀವಿ ಬಿಟ್ಟು ಎದ್ದು ಬಂದು ನನ್ನ ಮೇಜಿನ ಪಕ್ಕ ಕೂತರು. ಮೊದಲ ಪಾಠ, ‘ಮುನ್ನೂರು ವೋಲ್ಟಿನ ಮುಂದೆ ಒಂದೇ ಕೈ. ಇನ್ನೊಂದು ಜೇಬಲ್ಲಿ.’ ಎರಡೂ ಕೈ ತಗುಲಿದರೆ ಕರೆಂಟು ಎದೆಯ ಮೂಲಕ ಹಾಯುತ್ತದೆ, ಅದಕ್ಕೆ. ‘ನನ್ನ ಚೂಡಿದಾರಕ್ಕೆ ಜೇಬಿಲ್ಲ ತಾತ.’ ‘ಹಂಗಾರೆ ಬೆನ್ನ ಹಿಂದೆ ಇಟ್ಕೊ.’ ಎರಡನೆಯ ಪಾಠ, ಪ್ಲಗ್ ಕಿತ್ತರೂ ಕೆಪಾಸಿಟರ್‌ನಲ್ಲಿ ಜೀವ ಇರುತ್ತದೆ. ಅದರ ಎರಡು ತುದಿಗೆ ಒಂದು ರೆಸಿಸ್ಟರ್ ಕಾಯಂ ಆಗಿ ಕಟ್ಟಿಡಬೇಕು, ಆದರೂ ಮೀಟರ್ ಇಟ್ಟು ನೋಡಿಯೇ ಮುಟ್ಟಬೇಕು. ಮೂರನೆಯದು ಸೀರೀಸ್ ಬಲ್ಬ್. ಮೊದಲ ಸಲ ಆನ್ ಮಾಡುವಾಗ ಕರೆಂಟು 60 ವ್ಯಾಟಿನ ಒಂದು ಬಲ್ಬಿನ ಮೂಲಕ ಹಾದು ಬರುವಂತೆ ಕಟ್ಟಬೇಕು. ಒಳಗೆ ಎಲ್ಲೋ ಷಾರ್ಟ್ ಆಗಿದ್ದರೆ ಬಲ್ಬ್ ಝಗ್ಗನೆ ಉರಿಯುತ್ತದೆ, ಸೆಟ್ ಸುಡುವುದಿಲ್ಲ. ಎಲ್‌ಇಡಿ ಬಲ್ಬ್ ಇದಕ್ಕೆ ಆಗದು, ತಂತಿಯ ಹಳೇ ಬಲ್ಬೇ ಆಗಬೇಕು. ತುಮಕೂರಿನಲ್ಲಿ ಅದೊಂದನ್ನು ಹುಡುಕಲು ಐದು ಅಂಗಡಿ ಸುತ್ತಿದೆ.

ಆನ್ ಮಾಡಿದೆ. ಬಲ್ಬ್ ಒಮ್ಮೆ ಮಿನುಗಿ ಮಂಕಾಯಿತು. ಅರ್ಧ ನಿಮಿಷದಲ್ಲಿ ವಾಲ್ವ್‌ಗಳಲ್ಲಿ ಕಿತ್ತಳೆ ಬೆಳಕು. ಬಲ್ಬ್ ತೆಗೆದು, ನೇರ ಲೈನ್ ಕೊಟ್ಟು, ರೆಕಾರ್ಡ್ ಇಟ್ಟೆ. 1974ರ ‘ಎರಡು ಕನಸು’, ರಾಜನ್–ನಾಗೇಂದ್ರ ಸಂಗೀತ. ಹಾಡು ಬಂತು. ಅಮ್ಮ ಅಡುಗೆಮನೆಯಿಂದ ಓಡಿಬಂದರು.

ನನಗೆ ಮಾತ್ರ ಖುಷಿ ಹತ್ತು ಸೆಕೆಂಡು. ಧ್ವನಿ ತೆಳುವಾಗಿತ್ತು, ಟೊಳ್ಳಾಗಿತ್ತು. ತಬಲಾದ ‘ಧಿಂ’ ಎಂಬ ಭಾಗವೇ ಇಲ್ಲ, ಬರೀ ‘ಟಕ್’. ಇಷ್ಟು ದುಡ್ಡು ಹಾಕಿ ಮೊಬೈಲ್ ಸ್ಪೀಕರ್ ಮಾಡಿದೆನಾ ಅನ್ನಿಸಿ ಅಳು ಬಂತು.

ಕಾಲೇಜು ಲ್ಯಾಬಿಗೆ ಹೊತ್ತುಕೊಂಡು ಹೋಗಿ ಸಿಆರ್‌ಒ ಹಚ್ಚಿದೆ. 1 ಕಿಲೋಹರ್ಟ್ಸ್ ಅಲೆ ಚೆಂದ. 50 ಹರ್ಟ್ಸ್‌ಗೆ ಇಳಿಸಿದರೆ ಅಲೆ ಒಂದು ಪಕ್ಕ ಜಜ್ಜಿದಂತೆ. ಸರ್ಕ್ಯೂಟನ್ನು ಮೂರು ದಿನ ಜಾಲಾಡಿದೆ. ತಪ್ಪು ಸರ್ಕ್ಯೂಟಿನಲ್ಲಿ ಇರಲಿಲ್ಲ, ನನ್ನ ಚೀಟಿಯಲ್ಲಿತ್ತು.

ಮಾಮೂಲಿ ಟ್ರಾನ್ಸ್‌ಫಾರ್ಮರಿನ ಕಬ್ಬಿಣದ ಪಟ್ಟಿಗಳು ಇಂಗ್ಲಿಷಿನ ‘ಇ’ ಮತ್ತು ‘ಐ’ ಆಕಾರದಲ್ಲಿರುತ್ತವೆ. ಒಂದು ಈ ಕಡೆಯಿಂದ, ಒಂದು ಆ ಕಡೆಯಿಂದ, ಜಡೆ ಹೆಣೆದಂತೆ ಜೋಡಿಸುತ್ತಾರೆ. ಆದರೆ ನನ್ನ ಸರ್ಕ್ಯೂಟಿನಲ್ಲಿ ಟ್ರಾನ್ಸ್‌ಫಾರ್ಮರ್ ಮೂಲಕ ಹಾಡಿನ ಜೊತೆಗೆ 48 ಮಿಲಿಆಂಪಿಯರ್ ಡಿಸಿ ಕರೆಂಟೂ ಸದಾ ಹರಿಯುತ್ತಿರುತ್ತದೆ. ಅದರಿಂದಲೇ ಕಬ್ಬಿಣ ಅಯಸ್ಕಾಂತವಾಗಿ ತುಂಬಿಹೋಗಿ, ಗಡಸು ಧ್ವನಿಗೆ ಜಾಗವೇ ಉಳಿಯುವುದಿಲ್ಲ. ಇದಕ್ಕೆ ‘ಇ’ಗಳನ್ನೆಲ್ಲ ಒಂದೇ ಕಡೆ, ‘ಐ’ಗಳನ್ನೆಲ್ಲ ಇನ್ನೊಂದು ಕಡೆ ಇಟ್ಟು, ನಡುವೆ ತೆಳುವಾದ ಕಾಗದ ಸೇರಿಸಿ ಸಂದು ಬಿಡಬೇಕು. ಆ ಏರ್ ಗ್ಯಾಪ್ ಮಾತು ನನ್ನ ಚೀಟಿಯಲ್ಲಿ ಇರಲೇ ಇಲ್ಲ. ಪಾಪ, ವೈಂಡಿಂಗ್‌ನವರು ತಮಗೆ ಗೊತ್ತಿದ್ದಂತೆ ಒಪ್ಪವಾಗಿ ಹೆಣೆದು ಕೊಟ್ಟಿದ್ದರು. ಪುಸ್ತಕದಲ್ಲಿ ‘ಸ್ಯಾಚುರೇಷನ್’ ಎಂಬ ಪದಕ್ಕೆ ನಾನು ಹಸಿರು ಗೆರೆ ಎಳೆದಿದ್ದೆ. ನೋಡಿ ನಗು ಬಂತು.

ಭಾನುವಾರ ಇಡೀ ದಿನ ನಾನೂ ತಾತನೂ ಹಾಲ್‌ನಲ್ಲಿ ಪೇಪರ್ ಹಾಸಿಕೊಂಡು ಎರಡೂ ಟ್ರಾನ್ಸ್‌ಫಾರ್ಮರ್‌ಗಳ ಪಟ್ಟಿಗಳನ್ನು ಒಂದೊಂದಾಗಿ ಕಿತ್ತೆವು. ವಾರ್ನಿಷ್ ಹಾಕಿದ್ದರಿಂದ ಬ್ಲೇಡಿನಿಂದ ಮೀಟಿ ತೆಗೆಯಬೇಕಿತ್ತು. ನನ್ನ ಬೆರಳು ಕುಯ್ದುಕೊಂಡಿತು, ಅವರದ್ದು ಕುಯ್ಯಲಿಲ್ಲ. ಮತ್ತೆ ಜೋಡಿಸುವಾಗ ಕಾಗದ ಎಷ್ಟು ದಪ್ಪ ಇರಬೇಕೆಂದು ನಾನು ಲೆಕ್ಕ ಮಾಡುತ್ತಿದ್ದರೆ ತಾತ ಗೋಡೆಯ ಕ್ಯಾಲೆಂಡರಿನ ಹಾಳೆ ಹರಿದು ಕೊಟ್ಟರು. ಸ್ಕ್ರೂ ಗೇಜಿನಲ್ಲಿ ಅಳೆದೆ. ನನ್ನ ಲೆಕ್ಕಕ್ಕೆ ಸರಿಸುಮಾರು ಹೊಂದುತ್ತಿತ್ತು. ಅದನ್ನೇ ಹಾಕಿದೆವು.

ಸಂಜೆ ತಬಲಾ ಬಂತು. ಅದರ ಜೊತೆಗೇ ‘ಗುಂ’ ಎಂಬ ಸದ್ದೂ ಬಂತು. ಮೊದಲೂ ಇದ್ದಿರಬೇಕು, ಬೇಸ್ ಇಲ್ಲದ್ದರಿಂದ ಕೇಳಿರಲಿಲ್ಲ. ಮೊಬೈಲಿನ ಆ್ಯಪ್ ಹಿಡಿದು ನೋಡಿದರೆ 50 ಹರ್ಟ್ಸ್. 100 ಹರ್ಟ್ಸ್ ಆಗಿದ್ದರೆ ಪವರ್ ಸಪ್ಲೈ ಫಿಲ್ಟರಿನ ತಪ್ಪು ಎನ್ನಬಹುದಿತ್ತು, 50 ಅಂದರೆ ಮೇನ್ಸ್ ನೇರವಾಗಿ ಎಲ್ಲಿಂದಲೋ ನುಸುಳುತ್ತಿದೆ. ನಾನು ಅರ್ಥ್ ವೈರ್‌ಗಳನ್ನು ಬಿಚ್ಚಿ ಕಟ್ಟುತ್ತಿದ್ದಾಗ ತಾತ ಎದ್ದು ಎರಡು ಸ್ಪೀಕರ್ ಪೆಟ್ಟಿಗೆಗಳ ಮೇಲೂ ಒಂದೊಂದು ಅಂಗೈ ಇಟ್ಟರು, ಜ್ವರ ನೋಡುವ ಹಾಗೆ. ಕಣ್ಣು ಮುಚ್ಚಿದರು. ‘ಬಲಗಡೇದು ಜಾಸ್ತಿ ನಡುಗ್ತೈತೆ. ಬಲಗಡೆ ಟ್ರಾನ್ಸ್‌ಫಾರ್ಮರ್ರು ಮೇನ್ಸ್‌ದರ ಮಗ್ಗುಲಲ್ಲೇ ಮಲಗೈತೇನು?’

ಹೌದು, ಎರಡನ್ನೂ ಪಕ್ಕಪಕ್ಕ, ಒಂದೇ ದಿಕ್ಕಿಗೆ ಕೂರಿಸಿದ್ದೆ. ನೋಡಲು ಸಾಲಾಗಿ ಚೆನ್ನಾಗಿರಲಿ ಎಂದು! ಒಂದರ ಕಾಂತಕ್ಷೇತ್ರ ಇನ್ನೊಂದಕ್ಕೆ ಹೋಗುತ್ತಿತ್ತು. ಆಫ್ ಮಾಡಿ, ಬೋಲ್ಟ್ ಸಡಿಲಿಸಿ, ಕಾಲು ಸುತ್ತು ತಿರುಗಿಸಿ, ಮತ್ತೆ ಆನ್ ಮಾಡಿದೆ. ತಾತ ಅಂಗೈ ಇಟ್ಟು ‘ಇನ್ನೊಂಚೂರು’ ಎಂದರು. ಮೂರನೆಯ ಸಲಕ್ಕೆ ಕೈ ತೆಗೆದರು. ನನ್ನ ಕಿವಿಗೂ ಏನೂ ಕೇಳಲಿಲ್ಲ.

* * *

ಗೆಳತಿಯರು ಕೇಳುತ್ತಾರೆ, ಇದು ಮೊಬೈಲಿಗಿಂತ ಚೆನ್ನಾಗಿದೆಯಾ ಎಂದು. ಅಳತೆಯ ಪ್ರಕಾರ ಇಲ್ಲ. ಒಂದು ಸಾಧಾರಣ ಸಿಡಿಯಲ್ಲೂ ಸದ್ದಿಗೂ ಹಾಡಿಗೂ ಇರುವ ಅಂತರ ಇದಕ್ಕಿಂತ ಬಹಳ ಹೆಚ್ಚು. ವಾಲ್ವ್‌ನ ‘ಬೆಚ್ಚನೆಯ ಧ್ವನಿ’ ಎಂದು ಹೊಗಳುವುದರಲ್ಲಿ ಒಂದು ಭಾಗ ವಾಲ್ವ್ ತಾನಾಗಿ ಸೇರಿಸುವ ಎರಡನೇ ಹಾರ್ಮೋನಿಕ್, ಅಂದರೆ ಒಂದು ಸ್ವರದ ಜೊತೆಗೆ ಅದರ ಮೇಲಿನ ಸ್ಥಾಯಿಯದ್ದು. ಕಿವಿಗೆ ಹಿತ, ಆದರೆ ಮೂಲದಲ್ಲಿ ಇಲ್ಲದ್ದು. ಇದನ್ನು ಒಪ್ಪಿಕೊಂಡೇ ನನಗೆ ಇದು ಇಷ್ಟ.

ರೆಕಾರ್ಡ್‌ಗಳನ್ನು ಈಗ ವಾರಕ್ಕೆ ಐದರಂತೆ ತೊಳೆಯುತ್ತಿದ್ದೇನೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್‌ಗೆ ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್, ಮೆತ್ತಗಿನ ಬಟ್ಟೆ, ಗೀರಿನ ಗುಂಟ ಒರೆಸುವುದು, ಆಮೇಲೆ ಬರೀ ನೀರು. ಲೇಬಲ್ ಒದ್ದೆಯಾಗಬಾರದು. ಪೆಟ್ಟಿಗೆಯ ತಳದಲ್ಲಿದ್ದ 78 ವೇಗದ ಅರಗಿನ ಪ್ಲೇಟುಗಳನ್ನು ಮುಟ್ಟಿಲ್ಲ. ಅವುಗಳ ಗೀರು ಅಗಲ, ಬೇರೆಯೇ ಸೂಜಿ ಬೇಕು. ನನ್ನ ಪ್ಲೇಯರಿಗೆ ಆ ವೇಗವೂ ಇಲ್ಲ. ಅವಕ್ಕೆ ಸ್ಪಿರಿಟ್ ಹಾಕಿ ಒರೆಸಿದರೆ ಅರಗೇ ಕರಗುತ್ತದೆ ಎಂದು ತಾತ ಮೊದಲೇ ಎಚ್ಚರಿಸಿದ್ದಾರೆ.

ಮೊನ್ನೆ ಒಂದು ಇಂಟರ್ನ್‌ಷಿಪ್ ಸಂದರ್ಶನದಲ್ಲಿ ‘ನೀವೇ ಕೈಯಾರೆ ಮಾಡಿದ್ದು ಏನಾದರೂ ಇದೆಯಾ?’ ಎಂದರು. ಕ್ಯಾಲೆಂಡರ್ ಹಾಳೆಯ ಕತೆ ಹೇಳಿದೆ. ಇಪ್ಪತ್ತು ನಿಮಿಷ ಬರೀ ಏರ್ ಗ್ಯಾಪ್ ಬಗ್ಗೆಯೇ ಮಾತಾಡಿದೆವು. ಆಮೇಲೆ ಲಿಂಕ್ಡ್ ಲಿಸ್ಟ್ ತಿರುಗಿಸುವ ಕೋಡ್ ಬರೆಯಲು ಹೇಳಿದರು, ಅರ್ಧಕ್ಕೆ ನಿಂತೆ. ಫಲಿತಾಂಶ ಬಂದಿಲ್ಲ. ಕೋಚಿಂಗ್‌ಗೆ ಹೋಗಿದ್ದರೆ ಬರೆಯುತ್ತಿದ್ದೆಯಲ್ಲ ಎಂದು ಅಮ್ಮ ಅಂದದ್ದಕ್ಕೆ ನನ್ನಲ್ಲಿ ಉತ್ತರವಿಲ್ಲ.

ದಿನಾ ಸಂಜೆ ಏಳಕ್ಕೆ ತಾತ ಬಲಗಡೆಯ ಪೆಟ್ಟಿಗೆಯ ಪಕ್ಕ ಕುರ್ಚಿ ಎಳೆದುಕೊಳ್ಳುತ್ತಾರೆ. ಕಿವಿಗೆ ಮಿಷನ್, ಪೆಟ್ಟಿಗೆಯ ಮೇಲೆ ಅಂಗೈ. ಹಿಂದಿನ ಶುಕ್ರವಾರ ಹಾಡಿನ ನಡುವೆ ಕರೆಂಟು ಹೋಯಿತು. ಧ್ವನಿ ಒಂದೆರಡು ಕ್ಷಣ ಕುಗ್ಗಿ ಆರಿಹೋಯಿತು. ಕತ್ತಲಲ್ಲಿ ವಾಲ್ವ್‌ಗಳ ಕೆಂಪು ಮಾತ್ರ ಇನ್ನೂ ಉಳಿದಿತ್ತು, ತಟ್ಟೆ ತನ್ನ ಪಾಡಿಗೆ ನಿಧಾನವಾಗಿ ಸುತ್ತುತ್ತಿತ್ತು. ನಾನು ಟಾರ್ಚ್ ಹುಡುಕುತ್ತಿದ್ದೆ.

‘ಮದ್ವೆ ಮನೇಲಿ ಹಿಂಗಾಗಿದ್ರೆ ನಂಗೆ ಪೂಜೆ ಆಗ್ತಿತ್ತು’ ಎಂದು ನಕ್ಕರು ತಾತ. ಮರುಕ್ಷಣವೇ ಗದರಿದರು, ‘ಏಯ್, ಟಾರ್ಚ್ ಆಮೇಲೆ! ಮೊದ್ಲು ಮುಳ್ಳು ಎತ್ತು ಮಗಾ, ಪ್ಲೇಟು ಹಾಳಾಗುತ್ತೆ.’